ಐಟಿ ಕೆಲಸ ಬಿಟ್ಟು ವನ್ಯಜೀವಿ ಸಂರಕ್ಷಣೆಗೆ ಬರಬೇಕೆಂದಿದ್ದೇನೆ. ಈ ದಾರಿಯಲ್ಲಿ ನಡೆದವರು ದಯವಿಟ್ಟು ಮಾತಾಡಿ

ಮಗ್ಗೆ ಕಡೆಯವನು:

ಎಲ್ಲರಿಗೂ ನಮಸ್ಕಾರ. ನನಗೆ 34 ವರ್ಷ. ಬೆಂಗಳೂರಿನಲ್ಲಿ 11 ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೇನೆ. ಊರು ಹಾಸನ ಜಿಲ್ಲೆಯ ಆಲೂರು ತಾಲ್ಲೂಕು. ಅಪ್ಪನಿಗೆ ಎರಡೂವರೆ ಎಕರೆ ಕಾಫಿ ಇದೆ, ಸ್ವಲ್ಪ ಗದ್ದೆ ಇದೆ.

ನಮ್ಮ ಕಡೆ ಆನೆ ಕಥೆ ನಿಮಗೆಲ್ಲ ಗೊತ್ತಿರುತ್ತದೆ. 2014ರಲ್ಲಿ ಹೈಕೋರ್ಟ್ ಆದೇಶದ ಮೇಲೆ ಆಲೂರು, ಸಕಲೇಶಪುರ ಭಾಗದಿಂದ 22 ಆನೆ ಹಿಡಿದು ಸಾಗಿಸಿದರು. ಇನ್ನು ಮುಗಿಯಿತು ಅಂದುಕೊಂಡೆವು. ಕೆಲವೇ ವರ್ಷದಲ್ಲಿ ಬೇರೆ ಆನೆಗಳು ಬಂದು ಅದೇ ತೋಟಗಳಲ್ಲಿ ನಿಂತವು.

2023ರ ಡಿಸೆಂಬರ್ 4. ಯಸಳೂರು ಹತ್ತಿರ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಅರ್ಜುನ ಸತ್ತ. ಎಂಟು ದಸರೆಯಲ್ಲಿ ಅಂಬಾರಿ ಹೊತ್ತ ಆನೆ. ಮೀಟಿಂಗ್ ನಡುವೆ ಮೊಬೈಲಿನಲ್ಲಿ ಸುದ್ದಿ ನೋಡಿ ನಾನು ಎದ್ದು ಹೊರಗೆ ಹೋದೆ. ಸಂಜೆ ಊರಿಗೆ ಫೋನ್ ಮಾಡಿದರೆ ಅಪ್ಪ ಅಳುತ್ತಿದ್ದರು. ಅದೇ ವಾರ ಆನೆಗಳು ತೋಟ ತುಳಿದಿದ್ದಕ್ಕೆ ಬಾಯಿಗೆ ಬಂದಂತೆ ಶಾಪ ಹಾಕಿದ್ದವರೂ ಅವರೇ. ಅವತ್ತಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ.

ಕೆಲಸ ಬೇಜಾರಾಗಿ ಓಡಿಹೋಗಬೇಕು ಅಂತಲ್ಲ. ಮಾಡುವ ಕೆಲಸ ನಾಳೆ ನಿಂತರೆ ಯಾರಿಗೂ ಏನೂ ಆಗುವುದಿಲ್ಲ ಅನ್ನುವುದು ಗೊತ್ತಾಗಿಬಿಟ್ಟಿದೆ. ಅದರ ಜೊತೆ ಬದುಕುವುದು ಕಷ್ಟ.

ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರ್. ಮಗಳಿಗೆ ಐದು ವರ್ಷ. ಮನೆ ಸಾಲದ ಕಂತು ತಿಂಗಳಿಗೆ 31 ಸಾವಿರ. ಎಂಎಸ್ಸಿ ಮಾಡಬೇಕಾ? ಸಫಾರಿಯಲ್ಲಿ ನ್ಯಾಚುರಲಿಸ್ಟ್ ಆಗಬಹುದಾ? ಸಂಬಳ ಎಷ್ಟಿರುತ್ತದೆ? ನನ್ನ ವಯಸ್ಸಿಗೆ ಇದು ತಡವಾಯಿತಾ? ಇದ್ದದ್ದು ಇದ್ದ ಹಾಗೆ ಹೇಳಿ.

ಕಾಜಾಣ:

ನಾನು ಆರು ವರ್ಷ ಬ್ಯಾಂಕಿನಲ್ಲಿದ್ದವಳು. 31ಕ್ಕೆ ಬಿಟ್ಟೆ. ಈಗ ಒಂಬತ್ತು ವರ್ಷದಿಂದ ಕಾಡಿನ ಸಂಶೋಧನೆಯಲ್ಲಿದ್ದೇನೆ. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಯಾಕೆಂದರೆ ನನಗೆ ಆಗ ಯಾರೂ ಇದನ್ನು ಹೇಳಲಿಲ್ಲ.

ಮೊದಲು ವಯಸ್ಸು. ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು ಸುರತ್ಕಲ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು. ಎಂಜಿನಿಯರ್ ಆಗಿ ದುಡಿದರು, ಬೇಸಾಯ ಮಾಡಿದರು, ಆಮೇಲೆ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ವಿಜ್ಞಾನ ಓದಿ ಮುಗಿಸುವಾಗ 1988. ಆಗ ಅವರಿಗೆ ನಲವತ್ತರ ಆಸುಪಾಸು. ಆ ಕಾಲದಲ್ಲಿ ಹುಲಿ ಎಣಿಸುವುದು ಅಂದರೆ ಹೆಜ್ಜೆ ಗುರುತಿನ ಅಚ್ಚು ತೆಗೆಯುವುದು. ಅವರು 90ರ ದಶಕದ ಶುರುವಿನಲ್ಲಿ ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ ಕಟ್ಟಿದರು, ಅಂದರೆ ಪ್ರಾಣಿ ಎದುರು ಬಂದರೆ ತಾನೇ ಫೋಟೊ ತೆಗೆಯುವ ಕ್ಯಾಮೆರಾ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಇರುವುದಿಲ್ಲ. ಫೋಟೊದಲ್ಲಿ ಯಾವ ಹುಲಿ ಎಷ್ಟು ಸಲ ಸಿಕ್ಕಿತು ಅನ್ನುವುದರಿಂದ, ಸಿಗದೇ ಉಳಿದವು ಎಷ್ಟಿರಬಹುದು ಎಂದು ಲೆಕ್ಕ ಕಟ್ಟಬಹುದು. ಎಂಜಿನಿಯರ್ ತಲೆ ಕಾಡಿಗೆ ಬಂದದ್ದರಿಂದ ಆದ ಉಪಯೋಗ ಇದು ಅಂತ ನನ್ನ ಅಭಿಪ್ರಾಯ. ನಿಮ್ಮ 11 ವರ್ಷವನ್ನು ವ್ಯರ್ಥ ಅಂದುಕೊಳ್ಳಬೇಡಿ ಅನ್ನುವುದಕ್ಕೆ ಇದನ್ನು ಹೇಳಿದೆ.

ಓದು. ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ವನ್ಯಜೀವಿ ಜೀವಶಾಸ್ತ್ರ ಮತ್ತು ಸಂರಕ್ಷಣೆಯ ಎಂಎಸ್ಸಿ ಇದೆ. ಎಂಜಿನಿಯರಿಂಗ್ ಓದಿದವರೂ ಅಲ್ಲಿ ಕಲಿತು ಬಂದಿದ್ದಾರೆ. ಸೀಟು ತುಂಬಾ ಕಡಿಮೆ, ಪ್ರವೇಶ ಪರೀಕ್ಷೆ ಕಠಿಣ. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲೂ ಎಂಎಸ್ಸಿ ಇದೆ. ಆದರೆ ಇದು ವಿಜ್ಞಾನಿ ಆಗುವವರಿಗೆ. ನೀವು ವಿಜ್ಞಾನಿ ಆಗಬೇಕೆಂದಿದ್ದೀರಾ? ನಿಮ್ಮ ಬರಹದಲ್ಲಿ ಅದು ನನಗೆ ಕಾಣಲಿಲ್ಲ. ನಿಮ್ಮನ್ನು ಕಾಡುತ್ತಿರುವುದು ನಿಮ್ಮ ಅಪ್ಪನ ಅಳು.

ದಿನಚರಿ ಹೇಗಿರುತ್ತದೆ ಅಂತ ಹೇಳುತ್ತೇನೆ. ಟ್ರಾನ್ಸೆಕ್ಟ್ (ಗುರುತು ಮಾಡಿದ ಗೆರೆಯಲ್ಲಿ ನಡೆದು ಪ್ರಾಣಿ ಎಣಿಸುವುದು) ಇದ್ದ ದಿನ ಬೆಳಕು ಹರಿಯುವ ಹೊತ್ತಿಗೆ ಗೆರೆಯ ತುದಿಯಲ್ಲಿರಬೇಕು. ಗೆರೆ ಸಾಮಾನ್ಯವಾಗಿ ಎರಡು ಕಿಲೋಮೀಟರ್. ಇಬ್ಬರು ಮೂವರು ಮಾತಿಲ್ಲದೆ ನಿಧಾನಕ್ಕೆ ನಡೆಯಬೇಕು. ಜಿಂಕೆ ಗುಂಪು ಕಂಡರೆ ಎಷ್ಟಿವೆ, ಎಷ್ಟು ದೂರ, ಯಾವ ಕೋನ ಅಂತ ಬರೆದುಕೊಳ್ಳಬೇಕು. ದೂರಕ್ಕೆ ರೇಂಜ್‌ಫೈಂಡರ್, ಕೋನಕ್ಕೆ ಕಂಪಾಸ್. ಇಷ್ಟು ನಡೆದು ಒಂದೂ ಪ್ರಾಣಿ ಕಾಣದ ಬೆಳಗುಗಳೇ ಜಾಸ್ತಿ. ಆ ಸೊನ್ನೆಯನ್ನೂ ಅಷ್ಟೇ ನಿಷ್ಠೆಯಿಂದ ಬರೆಯಬೇಕು. ಪಕ್ಕದಲ್ಲಿ ನಡೆಯುವ ಜೇನುಕುರುಬರ ಟ್ರ್ಯಾಕರ್ ಮೂಗಿಗೆ ಆನೆ ಇರುವುದು ನನಗಿಂತ ಮೊದಲು ಗೊತ್ತಾಗಿರುತ್ತದೆ. ನನ್ನ ಜೀವ ಉಳಿದಿರುವುದು ಅಂಥವರಿಂದ.

ಇದು ವರ್ಷದಲ್ಲಿ ಕೆಲವು ವಾರ. ಉಳಿದ ದಿನ ಕಂಪ್ಯೂಟರ್ ಮುಂದೆ. ಗಾಳಿಗೆ ಎಲೆ ಅಲ್ಲಾಡಿದ್ದಕ್ಕೂ ಕ್ಯಾಮೆರಾ ಫೋಟೊ ತೆಗೆದಿರುತ್ತದೆ. ಸಾವಿರಾರು ಖಾಲಿ ಫೋಟೊ ಬೇರೆ ಮಾಡಬೇಕು. ಆಮೇಲೆ ಅನುಮತಿ ಪತ್ರ, ವರದಿ, ಬಿಲ್ಲು. ಮೈಗೆ ಉಣುಗು ಹತ್ತುತ್ತದೆ. ಮಲೆನಾಡಿನಲ್ಲಿ ಕೆಲಸ ಅಂದರೆ ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಬಗ್ಗೆ ಎಚ್ಚರ ಬೇಕು. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಮೊದಲು ಕಂಡ ಕಾಯಿಲೆ, ಇವತ್ತಿಗೂ ಹೋಗಿಲ್ಲ.

ಸಂಬಳ: ಬ್ಯಾಂಕಿನಲ್ಲಿ ಬರುತ್ತಿದ್ದುದರ ಅರ್ಧಕ್ಕಿಂತ ಕಡಿಮೆಯಿಂದ ಶುರು ಮಾಡಿದೆ. ಬಿಟ್ಟ ದಿನದ ಬ್ಯಾಂಕ್ ಸಂಬಳವನ್ನು ಮುಟ್ಟಲು ಏಳು ವರ್ಷ ಬೇಕಾಯಿತು.

ನೀವು ನಿಮ್ಮನ್ನೇ ಕೇಳಿಕೊಳ್ಳಬೇಕಾದ್ದು ಒಂದಿದೆ. ಪ್ರಾಣಿ ಇಷ್ಟ ಅನ್ನುವವರು ನಮಗೆ ದಿನಕ್ಕೆ ಹತ್ತು ಜನ ಮೇಲ್ ಮಾಡುತ್ತಾರೆ. ಲೆಕ್ಕ ಬರೆಯುವವರು, ಕಾನೂನು ತಿಳಿದವರು, ನಕ್ಷೆ ಮಾಡುವವರು, ತಂತ್ರಾಂಶದಲ್ಲಿ ತಪ್ಪು ಹುಡುಕುವವರು ಬೇಕೆಂದು ನಾವು ಹುಡುಕಿದರೂ ಸಿಗುವುದಿಲ್ಲ. ನಿಮ್ಮ ಕೈಯಲ್ಲಿರುವ ಕಸುಬಿಗೆ ಇಲ್ಲಿ ಯಾವ ಜಾಗ ಇದೆ?

ಕಾಡಂಚಿನ ರೈತ:

ಗುಂಡ್ಲುಪೇಟೆ ಕಡೆಯವನು ನಾನು. ನಮ್ಮ ಹೊಲದ ಬದುವಿನಿಂದ ಕಾಡಿಗೆ ಅರ್ಧ ಕಿಲೋಮೀಟರ್ ಇಲ್ಲ. ಈ ಚರ್ಚೆಯನ್ನು ಮಗ ತೋರಿಸಿದ. ಬೇಜಾರು ಮಾಡಿಕೊಳ್ಳಬೇಡಿ, ನೇರವಾಗಿ ಹೇಳುತ್ತೇನೆ.

ಕಾಡು ಉಳಿಸಲು ಬರುವವರೆಲ್ಲ ನಮ್ಮ ಊರು ದಾಟಿಕೊಂಡೇ ಕಾಡಿಗೆ ಹೋಗುತ್ತಾರೆ. ನಿಂತು ಒಂದು ಲೋಟ ಟೀ ಕುಡಿದವರು ಕಡಿಮೆ. ಜೀಪು ಹೋದ ಮೇಲೆ ಧೂಳು ನಮಗೆ.

ಮುಸುಕಿನ ಜೋಳ ತೆನೆ ಕಟ್ಟಿದ ಮೇಲೆ ನಮಗೆ ರಾತ್ರಿ ನಿದ್ದೆ ಇಲ್ಲ. ಅಟ್ಟಣೆ ಮೇಲೆ ಟಾರ್ಚು ಹಿಡಿದು ಕೂರಬೇಕು. ಹಂದಿ ಒಂದು ಕಡೆ, ಆನೆ ಒಂದು ಕಡೆ. ಬೆಳೆ ಹೋಯಿತು ಅನ್ನಿ. ಫೋಟೊ, ಪಹಣಿ, ಆಧಾರ್, ಪಾಸ್‌ಬುಕ್ ಜೆರಾಕ್ಸ್, ಅರ್ಜಿ. ಅರ್ಜಿ ಕೊಟ್ಟು ಮೂರು ಸಲ ಅಲೆದರೆ ಮೂರು ದಿನದ ಕೂಲಿ ಹೋಯಿತು. ಬರುವ ಪರಿಹಾರಕ್ಕೂ ಕಳೆದುಕೊಂಡದ್ದಕ್ಕೂ ತಾಳೆ ಇರುವುದಿಲ್ಲ. ಎಷ್ಟೋ ಜನ ಅರ್ಜಿಯನ್ನೇ ಹಾಕುವುದಿಲ್ಲ.

ನನ್ನ ಹಸುವನ್ನು ಹುಲಿ ಹಿಡಿಯಿತು. ಕರು ಹಾಕಿ ಇಪ್ಪತ್ತು ದಿನ ಆಗಿತ್ತು. ಅವತ್ತು ನನ್ನ ತಲೆಯಲ್ಲಿ ಏನೇನು ಬಂತು ಅಂತ ಇಲ್ಲಿ ಬರೆಯುವುದಿಲ್ಲ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ ಒಟ್ಟಿಗೆ ಸತ್ತವು. ಸತ್ತ ಹಸುವಿಗೆ ವಿಷ ಹಾಕಿದ್ದರು. ಅದು ತಪ್ಪು, ಮಹಾ ತಪ್ಪು. ಮರಿಗಳ ಫೋಟೊ ನೋಡಿ ನಮ್ಮ ಮನೆಯವರು ಅವತ್ತು ಊಟ ಮಾಡಲಿಲ್ಲ. ಆದರೆ ಹಸು ಹೋದ ದಿನ ನನ್ನ ಪಕ್ಕ ಬಂದು ಕೂತವನು ಒಬ್ಬ ಇದ್ದ. ಬಂಡೀಪುರ, ನಾಗರಹೊಳೆ ಸುತ್ತ ಒಂದು ಉಚಿತ ಫೋನ್ ನಂಬರ್ ಇದೆ, ವೈಲ್ಡ್‌ಸೇವೆ ಅಂತ. 2015ರಿಂದ ನಡೆಯುತ್ತಿದೆ. ಫೋನ್ ಮಾಡಿದರೆ ಹುಡುಗರು ಬಂದು ಅಳತೆ ಮಾಡಿ, ಫೋಟೊ ತೆಗೆದು, ಅರ್ಜಿ ತುಂಬಿಕೊಡುತ್ತಾರೆ. ಆ ಹುಡುಗ ನಮ್ಮ ಪಕ್ಕದ ಊರಿನವನೇ. ಅರ್ಜಿಗಿಂತ ಹೆಚ್ಚಾಗಿ, ಅವನು ಆ ಹಸುವಿನ ಹೆಸರು ಕೇಳಿದ. ಗೌರಿ ಅಂದೆ. ಬರೆದುಕೊಂಡ.

ಅಂಥ ಕೆಲಸಕ್ಕೆ ಬರುವುದಾದರೆ ಬನ್ನಿ. ಸುಮ್ನೆ ಫೋಟೊ ತೆಗೆಯಲು ಬರುವುದಾದರೆ ಬೇಡ.

ಮಗ್ಗೆ ಕಡೆಯವನು:

ಅಣ್ಣ, ನಿಮ್ಮ ಮಾತು ಓದಿ ಅಪ್ಪನಿಗೆ ಫೋನ್ ಮಾಡಿ ಓದಿ ಹೇಳಿದೆ. "ಸರಿಯಾಗಿ ಹೇಳಿದ್ದಾರೆ" ಅಂದರು, ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಮ್ಮ ಮನೆಯಲ್ಲಿ ಎಷ್ಟು ಸಲ ಅರ್ಜಿ ಹಾಕಿದ್ದೇವೆ ಅಂತ ಕೇಳಿದೆ. ಹತ್ತು ವರ್ಷದಲ್ಲಿ ಎರಡು ಸಲ. ನನಗೆ ಇದು ಗೊತ್ತೇ ಇರಲಿಲ್ಲ.

ಕಾಜಾಣ ಅಕ್ಕ, ನೀವು ಹೇಳಿದ್ದು ನಿಜ. ನಾನು ವಿಜ್ಞಾನಿ ಆಗಬೇಕು ಅಂತ ಇಲ್ಲ. ಅದನ್ನು ಒಪ್ಪಿಕೊಳ್ಳಲು ಎರಡು ದಿನ ಬೇಕಾಯಿತು.

ಮಂಗಟ್ಟೆ:

ನಾನು ಹೋಗಿ ವಾಪಸ್ ಬಂದವನು. ನನ್ನ ಅನುಭವವೂ ಇರಲಿ.

ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೆ. 29ಕ್ಕೆ ಬಿಟ್ಟು ಪಶ್ಚಿಮ ಘಟ್ಟದ ಒಂದು ಸಣ್ಣ ಸಂಸ್ಥೆ ಸೇರಿದೆ. ಹೆಸರು ಬೇಡ, ಒಳ್ಳೆಯ ಜನವೇ. ಮಂಗಟ್ಟೆ ಹಕ್ಕಿ ಗೂಡು ಕಾಯುವ ಯೋಜನೆ. ಮರದ ಪೊಟರೆಯೊಳಗೆ ಹೆಣ್ಣು ಹಕ್ಕಿ ತನ್ನನ್ನು ತಾನೇ ಮುಚ್ಚಿಕೊಂಡು ಕೂರುತ್ತದೆ. ಸಣ್ಣ ಸೀಳು ಮಾತ್ರ ಬಿಟ್ಟಿರುತ್ತದೆ. ಗಂಡು ದಿನವಿಡೀ ಹಣ್ಣು ತಂದು ಆ ಸೀಳಿನಲ್ಲಿ ತಿನ್ನಿಸುತ್ತದೆ. ಮರದ ಕೆಳಗೆ ದೂರದಲ್ಲಿ ಕೂತು ಎಷ್ಟು ಸಲ ಬಂತು, ಯಾವ ಹಣ್ಣು ತಂದಿತು ಅಂತ ಬರೆಯುವುದು ನನ್ನ ಕೆಲಸ. ಜೀವನದಲ್ಲಿ ಅಷ್ಟು ನೆಮ್ಮದಿಯ ಬೆಳಗು ಮತ್ತೆ ಕಂಡಿಲ್ಲ.

ಆದರೆ ಹಣ ಯೋಜನೆಗೆ ಬರುತ್ತದೆ, ಮನುಷ್ಯನಿಗಲ್ಲ. ಯೋಜನೆ ಮುಗಿಯಿತು. ಮುಂದಿನ ಅನುದಾನ ಬರಲು ಐದು ತಿಂಗಳು ಆಯಿತು. ಆ ಐದು ತಿಂಗಳಲ್ಲೇ ಅಮ್ಮನಿಗೆ ಆಪರೇಷನ್. ಕೈಯಲ್ಲಿದ್ದ ದುಡ್ಡೆಲ್ಲ ಖಾಲಿ. ಅಣ್ಣ ಏನೂ ಅನ್ನಲಿಲ್ಲ, ಅದೇ ಜಾಸ್ತಿ ಚುಚ್ಚಿತು. ವಾಪಸ್ ಬಂದೆ.

ಎರಡು ವರ್ಷ ಕಾಡಿನ ಸುದ್ದಿಯನ್ನೇ ಓದಲಿಲ್ಲ. ಆಮೇಲೆ ಹಳೆಯ ಗೆಳತಿಯೊಬ್ಬಳು ಫೋನ್ ಮಾಡಿದಳು. ಅವರ ಸಂಸ್ಥೆಗೆ ಲೆಕ್ಕ ನೋಡುವವರು ಇರಲಿಲ್ಲ. ಕಂಪನಿಗಳ ಸಿಎಸ್‌ಆರ್ ಹಣ ಬಂದಿತ್ತು. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಲಾಭದ 2 ಪ್ರತಿಶತವನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು, ಕಾಡು ಮತ್ತು ವನ್ಯಜೀವಿ ಕೂಡ ಆ ಪಟ್ಟಿಯಲ್ಲಿವೆ. ಆದರೆ ಖರ್ಚಿನ ಲೆಕ್ಕ ಸರಿಯಾಗಿ ಕೊಡದಿದ್ದರೆ ಮುಂದಿನ ಕಂತು ಬರುವುದಿಲ್ಲ. ವಿದೇಶದ ಹಣ ಆದರೆ ಅದಕ್ಕೆ ಬೇರೆಯೇ ಖಾತೆ, ಬೇರೆಯೇ ನಿಯಮ. ಒಬ್ಬಳು ಒಳ್ಳೆಯ ಸಂಶೋಧಕಿ ಹಗಲು ಕಾಡಿನಲ್ಲಿ, ರಾತ್ರಿ ವೋಚರ್ ಅಂಟಿಸುತ್ತಾ ಕೂತಿದ್ದಳು.

ಈಗ ನಾನು ಮೂರು ದಿನ ಒಂದು ಅಂಗಡಿಯ ಲೆಕ್ಕ, ಮೂರು ದಿನ ಆ ಸಂಸ್ಥೆಯ ಲೆಕ್ಕ ಬರೆಯುತ್ತೇನೆ. ವರ್ಷಕ್ಕೊಮ್ಮೆ ಜನವರಿಯಲ್ಲಿ ಅವರ ಜೊತೆ ಹೋಗಿ ಗೂಡಿನ ಕೆಳಗೆ ಕೂರುತ್ತೇನೆ. ನೀವು ಕೆಲಸ ಬಿಡುವ ಮುಂಚೆ ಒಂದು ವರ್ಷದ ಮನೆ ಖರ್ಚು, ಸಾಲದ ಕಂತೂ ಸೇರಿಸಿ, ಬ್ಯಾಂಕಿನಲ್ಲಿ ಬೇರೆ ಇಡಿ. ಆರೋಗ್ಯ ವಿಮೆ ಕಂಪನಿಯದ್ದಾದರೆ ಬಿಟ್ಟ ದಿನವೇ ನಿಲ್ಲುತ್ತದೆ. ಸ್ವಂತದ್ದು ಮೊದಲೇ ಮಾಡಿಸಿ. ಇದನ್ನು ನಾನು ಮಾಡಿರಲಿಲ್ಲ.

ಪೋಡಿನ ಹುಡುಗಿ:

ನಾನು ಸೋಲಿಗರ ಹುಡುಗಿ. ಡಿಗ್ರಿ ಮುಗಿಸಿ ಈಗ ಚಾಮರಾಜನಗರದಲ್ಲಿ ಕೆಲಸದಲ್ಲಿದ್ದೇನೆ. ಅಪ್ಪ 22 ವರ್ಷ ವಾಚರ್ ಆಗಿದ್ದರು, ದಿನಗೂಲಿಯಲ್ಲೇ. ಕಳ್ಳಬೇಟೆ ತಡೆ ಶಿಬಿರದಲ್ಲಿ ವಾರಗಟ್ಟಲೆ ಇರುತ್ತಿದ್ದರು. ಅಕ್ಕಿ, ಬೇಳೆ ಹೊತ್ತುಕೊಂಡು ಹೋಗಿ ಅವರೇ ಬೇಯಿಸಿಕೊಂಡು ತಿನ್ನಬೇಕು. ಸಂಬಳ ಕೆಲವು ಸಲ ಮೂರು ತಿಂಗಳು ತಡ. ದೊಡ್ಡ ಕೆಲಸ ಬಿಟ್ಟು ಕಾಡಿಗೆ ಬಂದವರ ಬಗ್ಗೆ ಪೇಪರ್‌ನಲ್ಲಿ ಬರುತ್ತದೆ. ಬಿಡಲು ಬೇರೆ ಕೆಲಸವೇ ಇಲ್ಲದೆ ಕಾಡು ಕಾದವರ ಬಗ್ಗೆ ಬರುವುದಿಲ್ಲ. ಇದನ್ನು ಕೋಪದಿಂದ ಬರೆಯುತ್ತಿಲ್ಲ. ನೀವು ಬರುವಾಗ ಇದು ನಿಮಗೆ ಗೊತ್ತಿರಲಿ ಅಂತ.

ಇನ್ನೊಂದು ವಿಷಯ. ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿ ಈಗ ಲಂಟಾನ ಕಳೆ ಹೇಗೆ ಬೆಳೆದಿದೆ ಅಂದರೆ, ಅಜ್ಜಿ ನಡೆಯುತ್ತಿದ್ದ ದಾರಿಯಲ್ಲಿ ನಾನು ನುಗ್ಗಲು ಆಗುವುದಿಲ್ಲ. ಅದರ ಕೆಳಗೆ ಹುಲ್ಲು ಬರುವುದಿಲ್ಲ. ಹುಲ್ಲಿಲ್ಲದಿದ್ದರೆ ಕಡವೆ, ಕಾಟಿ ಎಲ್ಲಿ ಮೇಯಬೇಕು? ನಮ್ಮ ಹಿರಿಯರು ಒಂದು ಮಾತು ಹೇಳುತ್ತಾರೆ. ಮುಂಚೆ ಬೇಸಿಗೆ ಏರುವ ಮೊದಲೇ ತರಗು ಬೆಂಕಿ ಹಾಕುತ್ತಿದ್ದೆವು, ಒಣ ಎಲೆ ಮಾತ್ರ ಸಣ್ಣಗೆ ಸುಟ್ಟು ಹೋಗುತ್ತಿತ್ತು, ಲಂಟಾನ ಮೊಳಕೆಯೂ ಸಾಯುತ್ತಿತ್ತು, ಅದನ್ನು ನಿಲ್ಲಿಸಿದ ಮೇಲೆ ಈ ಗಿಡ ಬೆಟ್ಟ ಹತ್ತಿತು ಅಂತ. ಪರಿಸರ ಸಂಶೋಧನೆ ಮಾಡುವ ಏಟ್ರೀ ಸಂಸ್ಥೆಯವರು ನಮ್ಮ ಹಿರಿಯರ ಜೊತೆ ಕೂತು ಇದನ್ನೆಲ್ಲ ಅಧ್ಯಯನ ಮಾಡಿದ್ದಾರೆ. 2011ರಲ್ಲಿ ನಮ್ಮವರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು, ಹುಲಿ ಮೀಸಲು ಕಾಡಿನೊಳಗೆ ದೇಶದಲ್ಲೇ ಮೊದಲು. ಹಕ್ಕುಪತ್ರ ಸಿಕ್ಕಿದ ದಿನ ಅಪ್ಪ ಅದನ್ನು ದೇವರ ಪಟದ ಹಿಂದೆ ಇಟ್ಟರು.

ಹೊಸಬರು ಬಂದು ಕಲಿಸುವುದಕ್ಕಿಂತ ಮೊದಲು ಒಂದು ವರ್ಷ ಕೇಳಿಸಿಕೊಂಡರೆ ಒಳ್ಳೆಯದು.

ಕಾಜಾಣ:

ತಂಗಿ, ಅಪ್ಪನಿಗೆ ನನ್ನ ನಮಸ್ಕಾರ ಹೇಳಿ. ತರಗು ಬೆಂಕಿಯ ವಿಷಯದಲ್ಲಿ ನನಗೆ ಸ್ವಲ್ಪ ಭಯ ಇದೆ, ಮುಚ್ಚಿಡುವುದಿಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿಕೊಂಡಾಗ ನಾನು ಸ್ವಯಂಸೇವಕರ ಜೊತೆ ಹೋಗಿದ್ದೆ. ಹಸಿ ಕೊಂಬೆ ಮುರಿದುಕೊಂಡು ಬೆಂಕಿ ಬಡಿದೆವು. ಲಂಟಾನ ಇದ್ದ ಕಡೆ ಬೆಂಕಿ ಆಳೆತ್ತರಕ್ಕೆ ಎದ್ದು ಹತ್ತಿರ ಹೋಗಲು ಆಗಲಿಲ್ಲ. ಇವತ್ತು ಕಾಡಿನಲ್ಲಿ ಅಷ್ಟು ಲಂಟಾನ ಇರುವಾಗ ಸಣ್ಣ ಬೆಂಕಿ ಸಣ್ಣದಾಗಿಯೇ ಉಳಿಯುತ್ತದೆ ಅಂತ ಹೇಳಲು ಧೈರ್ಯ ಬರುವುದಿಲ್ಲ. ಆದರೆ ನಿಮ್ಮ ಹಿರಿಯರು ಹೇಳುವುದು ಲಂಟಾನ ಇಷ್ಟೊಂದು ಇಲ್ಲದಿದ್ದ ಕಾಲದ ಬೆಂಕಿಯ ವಿಷಯ. ಅದನ್ನು ಕಿತ್ತು ತೆಗೆದ ಜಾಗದಲ್ಲಿ ಮತ್ತೆ ಪ್ರಯತ್ನಿಸಬಹುದಾ ಅನ್ನುವುದು ಕೇಳಲೇಬೇಕಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವವರಲ್ಲಿ ನೀವೂ ಇರಬೇಕು ಅನ್ನುವುದು ನನ್ನ ಆಸೆ.

ಬೆಳ್ಳೂರು ಮೇಷ್ಟ್ರು:

ಮದ್ದೂರು ತಾಲ್ಲೂಕಿನ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ಕೆಲಸ ಬಿಡಲೇಬೇಕಾ ಅನ್ನುವುದು ನನ್ನ ಪ್ರಶ್ನೆ.

ಕೊಕ್ಕರೆ ಬೆಳ್ಳೂರು ನೋಡಿದ್ದೀರಾ? ಅಲ್ಲಿ ಬೇಲಿ ಇಲ್ಲ, ಗೇಟು ಇಲ್ಲ. ಮನೆ ಹಿತ್ತಲಿನ ಹುಣಸೆ ಮರದಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ. ಕೆಳಗೆ ಹೆಂಗಸರು ಪಾತ್ರೆ ತೊಳೆಯುತ್ತಿರುತ್ತಾರೆ. ಹಕ್ಕಿ ಬಂದರೆ ಊರಿಗೆ ಒಳ್ಳೆಯದು ಅನ್ನುವ ನಂಬಿಕೆ ಹಿಂದಿನಿಂದ ಇದೆ, ಹಿಕ್ಕೆ ಬಿದ್ದ ಮಣ್ಣನ್ನು ಗೊಬ್ಬರಕ್ಕೆ ಬಳಸುತ್ತಿದ್ದರು. ನಡುವೆ ಮರಗಳು ಕಡಿಮೆಯಾಗುತ್ತಾ ಬಂದವು. 90ರ ದಶಕದಲ್ಲಿ ಊರಿನ ಹುಡುಗರೇ ಹೆಜ್ಜಾರ್ಲೆ ಬಳಗ ಕಟ್ಟಿಕೊಂಡರು. ಮೈಸೂರಿನ ಹಕ್ಕಿ ಪ್ರಿಯರು ಜೊತೆ ನಿಂತರು. ಗೂಡಿನಿಂದ ಬಿದ್ದ ಮರಿಯನ್ನು ಎತ್ತಿ ತಂದು, ಬಲೆ ಕಟ್ಟಿದ ಆವರಣದಲ್ಲಿ ಮೀನು ಕೊಟ್ಟು ಸಾಕಿ, ರೆಕ್ಕೆ ಬಲಿತ ಮೇಲೆ ಬಿಡುತ್ತಾರೆ. 2007ರಲ್ಲಿ ಅದು ಸಮುದಾಯ ಮೀಸಲು ಆಯಿತು. ಈ ಹುಡುಗರಲ್ಲಿ ಯಾರೂ ಬೇಸಾಯ ಬಿಟ್ಟು ಸಂರಕ್ಷಣೆಗೆ ಬಂದವರಲ್ಲ. ಬೇಸಾಯದ ನಡುವೆಯೇ ಮಾಡಿದರು.

ನಮ್ಮ ಶಾಲೆಯ ಮಕ್ಕಳು ಫೆಬ್ರವರಿಯ ಹಕ್ಕಿ ಎಣಿಕೆಯಲ್ಲಿ ಕಳೆದ ಬಾರಿ 41 ಜಾತಿ ಬರೆದರು. ನಾನು ಮೇಷ್ಟ್ರಾಗಿ ಉಳಿದದ್ದರಿಂದಲೇ ಅದು ಆಯಿತು.

ಮಂಗಟ್ಟೆ:

ಮೇಷ್ಟ್ರೇ, ನಿಮ್ಮ ಮಾತು ಒಪ್ಪುತ್ತೇನೆ. ಆದರೆ ನಿಮ್ಮ ಊರಿನ ಮರದಲ್ಲೇ ಹಕ್ಕಿ ಇದೆ. ಬೆಂಗಳೂರಿನ ಹನ್ನೊಂದನೇ ಮಹಡಿಯಲ್ಲಿ ಕೂತವನಿಗೆ ಭಾನುವಾರ ಒಂದೇ ದಿನ ಸಿಗುವುದು. ಕೆಲವರಿಗೆ ಅಷ್ಟು ಸಾಕಾಗುವುದಿಲ್ಲ. ಅವರು ಹೊರಡಲಿ, ಕಣ್ಣು ತೆರೆದುಕೊಂಡು ಹೊರಡಲಿ ಅಂತಷ್ಟೇ ನನ್ನ ಆಸೆ.

ಒಬ್ಬಾಕೆ, ಶಿರಸಿ:

ನನ್ನ ಯಜಮಾನರು ಎಂಟು ವರ್ಷದ ಹಿಂದೆ ಪುಣೆಯ ಕೆಲಸ ಬಿಟ್ಟು ಇದೇ ದಾರಿಗೆ ಬಂದರು. ಇಲ್ಲಿ ಎಲ್ಲರೂ ಕೆಲಸದ ಬಗ್ಗೆ ಮಾತಾಡಿದ್ದೀರಿ. ಮಗ್ಗೆಯವರೇ, ನಿಮ್ಮ ಮನೆಯವರಿಗೆ ಈ ಪುಟ ತೋರಿಸಿದ್ದೀರಾ?

ನಮ್ಮಲ್ಲಿ ನಿರ್ಧಾರ ಮೊದಲು ಆಯಿತು, ಮಾತು ಆಮೇಲೆ ಆಯಿತು. ಅವರು ವಾರಗಟ್ಟಲೆ ಕಾಡಿನಲ್ಲಿ, ಫೋನು ಸಿಗುವುದಿಲ್ಲ. ಸಣ್ಣ ಮಗುವಿಗೆ ಜ್ವರ ಬಂದರೆ ಹೊಸ ಊರಿನಲ್ಲಿ ಯಾರನ್ನು ಕೇಳಲಿ? ಅವರ ಕನಸಿನ ಕೂಲಿಯನ್ನು ನಾನು ಕೊಟ್ಟೆ ಅನ್ನಿಸಿದ ದಿನಗಳಿವೆ. ಈಗ ನನಗೂ ಇದು ಇಷ್ಟ. ಅಘನಾಶಿನಿ ಕಣಿವೆಯಲ್ಲಿ ಮೊದಲ ಸಲ ಸಿಂಗಳೀಕಗಳ ಗುಂಪು ನೋಡಿದಾಗ ಮಗಳು ನನ್ನ ಕೈ ಹಿಡಿದುಕೊಂಡು ಉಸಿರು ಬಿಗಿಹಿಡಿದು ನಿಂತಿದ್ದಳು. ಅದನ್ನು ಯಾವ ಸಂಬಳಕ್ಕೂ ಬದಲಾಯಿಸುವುದಿಲ್ಲ. ಆದರೆ ಮೊದಲೇ ಇಬ್ಬರೂ ಕೂತು ಮಾತಾಡಿದ್ದರೆ ಮೂರು ವರ್ಷದ ಜಗಳ ಉಳಿಯುತ್ತಿತ್ತು.

ಮಗ್ಗೆ ಕಡೆಯವನು:

ಇವತ್ತು ತೋರಿಸಿದೆ, ಅಕ್ಕ. ಅವಳು ಎಲ್ಲರ ಮಾತನ್ನೂ ಎರಡು ಸಲ ಓದಿದಳು. ನಿಮ್ಮದನ್ನು ಮೂರು ಸಲ. ತುಂಬಾ ಹೊತ್ತು ಮಾತಾಡಿದೆವು. ಒಂದು ತಿಂಗಳು ರಜೆ ಹಾಕಿ ನೋಡು, ಆಮೇಲೆ ತೀರ್ಮಾನ ಮಾಡೋಣ ಅಂದಳು.

ಗಡಿಯಾಚೆ ಕನ್ನಡಿಗ:

ನಾನು ಕೊಯಮತ್ತೂರಿನಲ್ಲಿದ್ದೇನೆ. ವಾಲ್ಪಾರೈ ಟೀ ತೋಟಗಳಲ್ಲಿ ಎನ್‌ಸಿಎಫ್‌ನವರು (ನೇಚರ್ ಕನ್ಸರ್ವೇಶನ್ ಫೌಂಡೇಶನ್) ಮಾಡಿದ ಕೆಲಸವನ್ನು ಹೋಗಿ ನೋಡಿ. ಸಂಜೆ ಆನೆ ಎಲ್ಲಿದೆ ಅಂತ ಸುತ್ತಲಿನವರ ಮೊಬೈಲಿಗೆ ಮೆಸೇಜ್ ಹೋಗುತ್ತದೆ, ಲೋಕಲ್ ಟಿವಿಯಲ್ಲಿ ಪಟ್ಟಿ ಓಡುತ್ತದೆ, ಎತ್ತರದ ಕಂಬದ ಮೇಲೆ ಕೆಂಪು ದೀಪ ಹತ್ತುತ್ತದೆ. ದೀಪವನ್ನು ಫೋನ್‌ನಿಂದಲೇ ಹತ್ತಿಸಬಹುದು. ಅಲ್ಲಿ ಹೆಚ್ಚು ಸಾವು ಆಗುತ್ತಿದ್ದುದು ಆನೆ ಇರುವುದು ಗೊತ್ತಿಲ್ಲದೆ ಜನ ಕತ್ತಲಲ್ಲಿ ಎದುರು ಹೋಗಿ. ಗೊತ್ತಿದ್ದರೆ ಜನ ಬೇರೆ ದಾರಿ ಹಿಡಿಯುತ್ತಾರೆ. ನಿಮ್ಮ ಹಾಸನದಲ್ಲೂ ಇದೇ ರೀತಿಯ ವ್ಯವಸ್ಥೆ ಬಂದಿದೆ ಅಲ್ವಾ? ಟೆಸ್ಟಿಂಗ್ ಗೊತ್ತಿರುವವರು ಇಂಥ ಕಡೆ ಬೇಕು. ಬೇರೆ ಕಡೆ ತಪ್ಪಿದರೆ ಆಪ್ ನಿಲ್ಲುತ್ತದೆ, ಇಲ್ಲಿ ಮೆಸೇಜ್ ಹತ್ತು ನಿಮಿಷ ತಡವಾದರೆ ಜೀವ ಹೋಗಬಹುದು.

ಮಗ್ಗೆ ಕಡೆಯವನು (ಐದು ತಿಂಗಳ ನಂತರ):

ಮರೆತುಹೋಗಿಲ್ಲ. ಹೇಳಲು ಏನಾದರೂ ಇರಲಿ ಅಂತ ಕಾಯುತ್ತಿದ್ದೆ.

ರಜೆ ಹಾಕಿ ಊರಿಗೆ ಹೋದೆ. ನಮ್ಮ ಭಾಗದಲ್ಲಿ ಬೆಳೆಹಾನಿ ದಾಖಲಿಸುವ ಒಂದು ಸಣ್ಣ ತಂಡ ಇದೆ, ನಾಲ್ಕು ಜನ. ಅವರ ಫೋನಿನಲ್ಲಿ ಒಂದು ಆಪ್ ಇತ್ತು, ಯಾರೋ ಪುಣ್ಯಾತ್ಮರು ಉಚಿತವಾಗಿ ಮಾಡಿಕೊಟ್ಟದ್ದು. ಸರಿಯಾಗಿ ನಡೆಯದೆ ಅವರು ಮತ್ತೆ ನೋಟ್‌ಬುಕ್ಕಿಗೆ ಹೋಗಿದ್ದರು. ಮೂರು ದಿನ ಅಪ್ಪನ ಹಳೆಯ ಫೋನಿನಲ್ಲಿ ಅದನ್ನು ಹಾಕಿಕೊಂಡು ತೋಟ ತೋಟ ಸುತ್ತಿದೆ.

ಸರ್ವೆ ನಂಬರ್ ಜಾಗದಲ್ಲಿ ಅಂಕಿ ಮಾತ್ರ ತೆಗೆದುಕೊಳ್ಳುತ್ತಿತ್ತು. 47/2 ಅಂತ ಹಾಕಲು ಬರುತ್ತಿರಲಿಲ್ಲ. ನಮ್ಮಲ್ಲಿ ಹಿಸ್ಸೆ ಆಗದ ಜಮೀನು ಎಲ್ಲಿದೆ? ನಷ್ಟವನ್ನು ಎಕರೆಯಲ್ಲಿ ಕೇಳುತ್ತಿತ್ತು. ಆನೆ ಎಕರೆ ಲೆಕ್ಕದಲ್ಲಿ ತುಳಿಯುವುದಿಲ್ಲ, ಕಾಫಿ ಬೆಳೆಗಾರ ಹೇಳುವುದು ಗಿಡದ ಲೆಕ್ಕ. ನೆಟ್‌ವರ್ಕ್ ಇಲ್ಲದ ಕಡೆ ತೆಗೆದ ಫೋಟೊ ಉಳಿಯುತ್ತಲೇ ಇರಲಿಲ್ಲ. ಇಂಥವು 19 ಸಿಕ್ಕವು. ಮಾಡಿದವರಿಗೆ ಬರೆದೆ, ಅವರು ಸಂತೋಷದಿಂದ ಸರಿಮಾಡಿದರು. 11 ವರ್ಷದಲ್ಲಿ ನಾನು ಸಾವಿರಾರು ತಪ್ಪು ಹುಡುಕಿದ್ದೇನೆ. 47/2 ಅಂತ ಒತ್ತಿ ಅದು ಮುಂದಕ್ಕೆ ಹೋದಾಗ ತಂಡದ ಹುಡುಗಿ ಕುಣಿದಾಡಿದಳು. ಅಂಥದ್ದನ್ನು ನಾನು ಆಫೀಸಿನಲ್ಲಿ ನೋಡಿಲ್ಲ.

ಕೆಲಸ ಪೂರ್ತಿ ಬಿಟ್ಟಿಲ್ಲ. ಸಂಬಳ ಕಡಿಮೆ ಮಾಡಿಸಿಕೊಂಡು ವಾರಕ್ಕೆ ಮೂರು ದಿನ, ಮನೆಯಿಂದಲೇ ಅಂತ ಒಪ್ಪಿಸಿದ್ದೇನೆ. ಉಳಿದ ದಿನ ತಂಡದ ಜೊತೆ. ಬೆಂಗಳೂರಿನ ಮನೆ ಬಾಡಿಗೆಗೆ ಕೊಟ್ಟು ಅದರಿಂದ ಕಂತಿನ ಮುಕ್ಕಾಲು ಭಾಗ ಕಟ್ಟುತ್ತಿದ್ದೇವೆ. ಜೂನ್‌ನಿಂದ ಮಗಳು ಹಾಸನದ ಶಾಲೆಗೆ. ಹೆಂಡತಿಗೂ ಅಲ್ಲೇ ಕೆಲಸ ಸಿಕ್ಕಿದೆ. ಈ ವ್ಯವಸ್ಥೆ ಎಷ್ಟು ದಿನ ನಡೆಯುತ್ತದೋ ನೋಡಬೇಕು.

ಈಗ ಒಂದು ಸಹಾಯ ಬೇಕು. ಕಳೆದ ತಿಂಗಳು ಹೋದ 26 ಮನೆಗಳಲ್ಲಿ 9 ಮನೆಯವರು ಅರ್ಜಿಯನ್ನೇ ಹಾಕಿಲ್ಲ. ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇದೆ. ಅಜ್ಜ ಹೋಗಿ ಮೂವತ್ತು ವರ್ಷ ಆಗಿರುತ್ತದೆ. ಒಬ್ಬರು ಮಾತ್ರ ಅಲ್ಲಿ ದುಡಿಯುತ್ತಿರುತ್ತಾರೆ, ಉಳಿದವರು ಬೇರೆ ಊರಲ್ಲಿ. ಇಂಥವರಿಗೆ ಏನು ಮಾಡಬಹುದು? ಗೊತ್ತಿದ್ದವರು ಹೇಳಿ.

ಕಾಡಂಚಿನ ರೈತ:

ತಮ್ಮ, ಇದು ನಮ್ಮ ಕಡೆಯೂ ಇದೆ. ಪೌತಿ ಖಾತೆ ಮಾಡಿಸಬೇಕು, ಅಂದರೆ ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ. ಅಜ್ಜನ ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ನಾಡಕಚೇರಿಯಲ್ಲಿ ಅರ್ಜಿ ಹಾಕಿಸಿ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಡಬೇಡಿ, ಆಮೇಲೆ ತಕರಾರು ಬಂದು ಅಲ್ಲೇ ನಿಲ್ಲುತ್ತದೆ. ಹಳೆಯ ಕಾಲದ ಸಾವಾದರೆ ಮರಣ ನೋಂದಣಿ ಆಗಿರುವುದಿಲ್ಲ. ಅದಕ್ಕೆ ಮೊದಲು ಬೇರೆ ಓಡಾಟ ಇದೆ. ಒಂದೊಂದೇ ಮನೆಗೆ ಓಡಾಡಬೇಡಿ, ಒಂಬತ್ತು ಮನೆಯವರನ್ನೂ ಒಟ್ಟಿಗೆ ಕರೆದುಕೊಂಡು ಹೋಗಿ. ಒಬ್ಬನೇ ಹೋದರೆ ನಾಳೆ ಬಾ ಅನ್ನುತ್ತಾರೆ.

ನನ್ನ ನಂಬರ್ ಖಾಸಗಿ ಮೆಸೇಜಿನಲ್ಲಿ ಕಳಿಸಿದ್ದೇನೆ. ರಾತ್ರಿ ಎಂಟರ ಮೇಲೆ ಮಾಡಿ, ಅಟ್ಟಣೆ ಮೇಲೆ ಎಚ್ಚರವಾಗೇ ಇರುತ್ತೇನೆ.